ಇಬ್ಬರ ಸಂಬಳ, ಒಂದೇ ಲೆಕ್ಕದ ಪುಸ್ತಕ

ಗಂಡ ಹೆಂಡತಿ ಸೇರಿ ಮನೆಯ ಬಜೆಟ್ ಹಾಕಲು ಕೂತಾಗ ಮೊದಲು ಬರೆಯಬೇಕಾದದ್ದು ಇಬ್ಬರ ತಲೆಯ ಮೇಲಿರುವ ಸಾಲ. ಬೈಕಿನ ಕಂತು, ಮದುವೆಗೆ ಮಾಡಿದ ಕೈಸಾಲ, ಅಡವಿಟ್ಟ ಒಡವೆ, ಕ್ರೆಡಿಟ್ ಕಾರ್ಡಿನ ಬಾಕಿ, ಕಟ್ಟುತ್ತಿರುವ ಚೀಟಿ ಎಲ್ಲವೂ ಒಂದೇ ಹಾಳೆಗೆ ಬರಬೇಕು. ಪಕ್ಕದಲ್ಲಿ ಇಬ್ಬರ ಸಂಬಳ: ಪಿಎಫ್, ವೃತ್ತಿ ತೆರಿಗೆ ಕಳೆದು ಬ್ಯಾಂಕಿಗೆ ಜಮೆಯಾಗುವಷ್ಟು ಮಾತ್ರ. ಬೋನಸ್, ಓವರ್‌ಟೈಮ್ ಹಣವನ್ನು ಇದಕ್ಕೆ ಸೇರಿಸಬಾರದು. ಮುಚ್ಚಿಟ್ಟ ಸಾಲ ವರ್ಷ ಕಳೆದ ಮೇಲೆ ಹೊರಬಿದ್ದರೆ ಹಣದ ನಷ್ಟಕ್ಕಿಂತ ನಂಬಿಕೆಗೆ ಬೀಳುವ ಪೆಟ್ಟು ದೊಡ್ಡದು. ಆದ್ದರಿಂದ ಈ ಕೆಲಸವನ್ನು ಅವಸರದಲ್ಲಿ ಮುಗಿಸುವಂತಿಲ್ಲ.

ಮುಂದಿನ ಒಂದು ತಿಂಗಳು ಯಾವ ಖರ್ಚಿಗೂ ಕಡಿವಾಣ ಹಾಕದೆ ಎಲ್ಲವನ್ನೂ ಬರೆದಿಡಬೇಕು. ಹಾಲು, ತರಕಾರಿ, ಹೂವಿನವರ ಬಳಿಯೂ ಕ್ಯೂಆರ್ ಕೋಡ್ ಇರುವುದರಿಂದ ಅರ್ಧ ಲೆಕ್ಕ ಫೋನಿನಲ್ಲೇ ಸಿಗುತ್ತದೆ. ಆದರೆ ಅಲ್ಲಿ ಯಾರಿಗೆ ಎಷ್ಟು ಹೋಯಿತು ಎಂದಷ್ಟೇ ಇರುತ್ತದೆ. ಏನು ಕೊಂಡದ್ದು ಎಂಬುದನ್ನು ಅಂದಂದೇ ಗುರುತು ಹಾಕಿಕೊಳ್ಳಬೇಕು.

ಹೆಚ್ಚಿನ ಮನೆಗಳ ಲೆಕ್ಕ ಕೆಡುವುದು ದಿನಸಿಯಿಂದಲ್ಲ, ವರ್ಷಕ್ಕೊಮ್ಮೆ ಬರುವ ಖರ್ಚುಗಳಿಂದ. ಜೂನ್ ಹತ್ತಿರವಾದಾಗ ಶಾಲೆಯ ಶುಲ್ಕ, ಶ್ರಾವಣದಿಂದ ದೀಪಾವಳಿವರೆಗೆ ಸಾಲು ಹಬ್ಬ, ಮದುವೆ ದಿನಗಳಲ್ಲಿ ಮುಯ್ಯಿ, ಊರಿನ ಜಾತ್ರೆ, ವಿಮೆಯ ಕಂತು: ಇವು ಯಾವುವೂ ಅನಿರೀಕ್ಷಿತವಲ್ಲ, ತಿಂಗಳ ಪಟ್ಟಿಯಲ್ಲಿ ಇರುವುದಿಲ್ಲ ಅಷ್ಟೇ. ವಿದ್ಯುತ್ ಬಿಲ್ ಕೂಡ ಹೀಗೆಯೇ. ಗೃಹಜ್ಯೋತಿ ಯೋಜನೆಯಡಿ ಶೂನ್ಯ ಬಿಲ್ ಬರುವ ಮನೆಯಲ್ಲೂ ಬೇಸಿಗೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬೇಕಾಗುತ್ತದೆ. ಶಾಲೆಗೆ 48,000, ಆರೋಗ್ಯ ವಿಮೆಗೆ 18,000, ವಾಹನ ವಿಮೆಗೆ 4,000, ಹಬ್ಬ ಮತ್ತು ಬಟ್ಟೆಗೆ 20,000, ಊರು ಮತ್ತು ಮುಯ್ಯಿಗೆ 18,000 ರೂಪಾಯಿ ಬೇಕೆಂದಿಟ್ಟುಕೊಂಡರೆ ಒಟ್ಟು 1,08,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,000 ರೂಪಾಯಿ. ಈ ಮೊತ್ತವನ್ನು ಬಾಡಿಗೆಯಷ್ಟೇ ಖಚಿತವಾಗಿ ಪ್ರತಿ ತಿಂಗಳೂ ಎತ್ತಿಡಬೇಕು. ಬಜೆಟ್ಟಿನಲ್ಲಿ ಒಂದೇ ಒಂದು ಬದಲಾವಣೆ ಮಾಡಲು ಸಾಧ್ಯವಿದ್ದರೂ ಅದು ಇದೇ ಆಗಿರಲಿ.

ನಂತರ ಹಂಚಿಕೆ. ಸರಿಸಮ ಪಾಲು ನ್ಯಾಯವೆಂದು ತೋರಿದರೂ ಸಂಬಳದಲ್ಲಿ ಅಂತರವಿರುವ ಮನೆಯಲ್ಲಿ ಅದು ಕಡಿಮೆ ಸಂಬಳದವರನ್ನು ಹಿಂಡುತ್ತದೆ. ಒಬ್ಬರಿಗೆ 42,000, ಇನ್ನೊಬ್ಬರಿಗೆ 28,000 ರೂಪಾಯಿ ಬರುತ್ತಿದ್ದರೆ ಪಾಲು 60ಕ್ಕೆ 40. ವಾರ್ಷಿಕ ಖರ್ಚಿನ 9,000 ಸೇರಿ ಮನೆಗೆ 45,000 ಬೇಕಿದ್ದರೆ ಕ್ರಮವಾಗಿ 27,000 ಮತ್ತು 18,000 ರೂಪಾಯಿ ಹಾಕಬೇಕು. ಉಳಿಯುವ 15,000 ಮತ್ತು 10,000 ರೂಪಾಯಿಯಲ್ಲಿ ಇಬ್ಬರೂ ತಮ್ಮ ತಂದೆ ತಾಯಿಗೆ ತಲಾ 4,000, ಸ್ವಂತ ಕೈಖರ್ಚಿಗೆ ತಲಾ 3,000 ಇಟ್ಟುಕೊಂಡರೂ ಉಳಿತಾಯಕ್ಕೆ 11,000 ಸಿಗುತ್ತದೆ. ಹೆತ್ತವರಿಗೆ ಕಳಿಸುವ ಹಣ ಪಟ್ಟಿಯಲ್ಲಿ ಬಹಿರಂಗವಾಗಿ ಇರಲೇಬೇಕು. ಅತ್ತೆಮನೆಗೆ ಒಂದು ನೀತಿ, ತವರಿಗೆ ಇನ್ನೊಂದು ಆಗಬಾರದು. ಕೈಖರ್ಚಿನ ಲೆಕ್ಕವನ್ನು ಮಾತ್ರ ಯಾರೂ ಯಾರಿಂದಲೂ ಕೇಳಬಾರದು. ಒಬ್ಬರೇ ದುಡಿಯುವ ಮನೆಯಲ್ಲಿ, ಮನೆ ನೋಡಿಕೊಳ್ಳುವವರಿಗೂ ಅಷ್ಟೇ ಕೈಖರ್ಚು ಸಲ್ಲಬೇಕು. ಅದು ಅವರ ಹಕ್ಕಿನ ಹಣ.

ಮನೆಖರ್ಚಿಗೆ ಜಂಟಿ ಖಾತೆ ತೆರೆದು, ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹರಿಸಬಹುದಾದ ‘ಐದರ್ ಆರ್ ಸರ್ವೈವರ್’ ಆಯ್ಕೆ ಮಾಡಿಕೊಳ್ಳುವುದು ಅನುಕೂಲ. ಸಂಬಳದ ಮರುದಿನವೇ ಪಾಲಿನ ಹಣ ತಾನಾಗಿ ಅಲ್ಲಿಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಬಹುದು. ವೈಯಕ್ತಿಕ ಖಾತೆಗಳನ್ನು ಮುಚ್ಚುವ ಅಗತ್ಯವಿಲ್ಲ.

ಉಳಿತಾಯದ ಹಣದಲ್ಲಿ ಮೊದಲ ಪಾಲು ಕ್ರೆಡಿಟ್ ಕಾರ್ಡ್ ಬಾಕಿಗೆ. ಬಿಲ್ಲಿನಲ್ಲಿ ತೋರಿಸುವ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಬೀಳುತ್ತದೆ. ತಿಂಗಳಿಗೆ ಶೇ 3ರ ದರವೆಂದರೂ ವರ್ಷಕ್ಕೆ ಶೇ 36 ದಾಟುತ್ತದೆ. ಯಾವ ಠೇವಣಿಯೂ ಅಷ್ಟು ಕೊಡುವುದಿಲ್ಲ. ಆಮೇಲೆ ಕನಿಷ್ಠ ಮೂರು ತಿಂಗಳ ಮನೆಖರ್ಚಿನಷ್ಟು ಆಪದ್ಧನ ಕೂಡಿಡಬೇಕು. ಚೀಟಿ ಹಾಕುವವರು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ವಿಚಾರಿಸಲೇಬೇಕು.

ತಿಂಗಳಿಗೊಮ್ಮೆ, ಇಬ್ಬರಿಗೂ ಬಿಡುವಿರುವ ಹೊತ್ತಿನಲ್ಲಿ, ಅರ್ಧ ಗಂಟೆ ಲೆಕ್ಕ ನೋಡಿದರೆ ಸಾಕು. ಹೆಚ್ಚಾದ ಖರ್ಚಿಗೆ ಯಾರು ಕಾರಣ ಎಂದು ಹುಡುಕುವ ಬದಲು ಪಟ್ಟಿಯಲ್ಲಿ ಯಾವ ಮೊತ್ತ ತಪ್ಪಾಗಿತ್ತು ಎಂದು ನೋಡಿ ತಿದ್ದಬೇಕು. ಏಪ್ರಿಲ್‌ನಲ್ಲಿ ಸಂಬಳ, ಬಾಡಿಗೆ ಬದಲಾದಂತೆ ಪಾಲನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಅದೇ ಸಂದರ್ಭದಲ್ಲಿ ಬ್ಯಾಂಕ್ ಖಾತೆ, ಪಿಎಫ್, ವಿಮಾ ಪಾಲಿಸಿಗಳ ನಾಮಿನಿ ಹೆಸರನ್ನೂ ಪರಿಶೀಲಿಸುವುದು ಒಳ್ಳೆಯದು. ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ಹಳೆಯ ಹೆಸರೇ ಉಳಿದಿರುವುದು ಸಾಮಾನ್ಯ.