ಹಳೆಯ ಮರದ ಸಾಮಾನುಗಳಿಗೆ ಎಣ್ಣೆ ಲೇಪನ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ತೇಗ, ಬೀಟೆ, ಹೊನ್ನೆ, ಹಲಸಿನ ಮರದ ಪೆಟ್ಟಿಗೆ, ಮಂಚ, ತೊಟ್ಟಿಲುಗಳು ಇಂದಿಗೂ ಉಳಿದಿವೆ. ಅಂಥ ಬಲಿತ ಮರ ಈಗ ಸುಲಭವಾಗಿ ಸಿಗುವುದಿಲ್ಲ. ಹೊಳಪು ಮಾಸಿತೆಂದು ಅವುಗಳನ್ನು ಹೆರೆದು ಬಣ್ಣ ಬಳಿಯುವುದು ಅನವಶ್ಯಕ. ಮರ ಗಟ್ಟಿಯಾಗಿದ್ದರೆ ಎರಡು ತೆಳು ಎಣ್ಣೆ ಲೇಪನಗಳು ಸಾಕು.

ಮಳೆಗಾಲದ ತೇವವನ್ನು ಹೀರಿ ಮರ ಉಬ್ಬುತ್ತದೆ; ಬೇಸಿಗೆಯ ಒಣಗಾಳಿಗೆ ಕುಗ್ಗುತ್ತದೆ. ಹೀಗಾಗಿ ಬೆಸುಗೆಗಳು ಸಡಿಲವಾಗಿ ಬಿರುಕು ಬಿಡುತ್ತವೆ. ಎಣ್ಣೆ ಲೇಪನವು ಈ ಏರುಪೇರನ್ನು ನಿಧಾನಗೊಳಿಸುತ್ತದೆ. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣಹವೆ ಈ ಕೆಲಸಕ್ಕೆ ತಕ್ಕ ಕಾಲ.

ಯಾವ ಎಣ್ಣೆ?

ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆಯನ್ನೇ ಬಳಸಬೇಕು. ಹೊಂಗೆ, ಹರಳು, ಕಡಲೆಕಾಯಿ ಮತ್ತು ಕೊಬ್ಬರಿ ಎಣ್ಣೆಗಳು ಒಣಗುವುದಿಲ್ಲ. ಮೇಲೆ ಜಿಡ್ಡು ಉಳಿದು ಧೂಳು ಹಿಡಿಯುತ್ತದೆ. ಹೊಂಗೆಎಣ್ಣೆ ನೇಗಿಲು, ನೊಗಗಳಿಗೆ ಆದೀತು, ಪೆಟ್ಟಿಗೆಗೆ ಆಗದು. ಬಣ್ಣದ ಅಂಗಡಿಗಳಲ್ಲಿ 'ಡಬಲ್ ಬಾಯಿಲ್ಡ್' ಎಂದು ಸಿಗುವ ಅಗಸೆ ಎಣ್ಣೆಯೇ ಸೂಕ್ತ. ಹಸಿ ಅಗಸೆ ಎಣ್ಣೆಯನ್ನು ಮನೆಯಲ್ಲಿ ಕಾಯಿಸಿದರೆ ಅದು ಈ ಎಣ್ಣೆಯಾಗುವುದಿಲ್ಲ. ಬೆಂಕಿಯ ಅಪಾಯ ಮಾತ್ರ ಉಂಟು.

ಮೊದಲು ಪರೀಕ್ಷೆ

ಮರದ ಮೇಲೆ ಎರಡು ಹನಿ ನೀರು ಬಿಡಿ. ಹನಿ ಹಾಗೆಯೇ ನಿಂತರೆ ಹಳೆಯ ಲೇಪನ ಚೆನ್ನಾಗಿದೆ. ಕೆಲವೇ ನಿಮಿಷಗಳಲ್ಲಿ ಇಂಗಿ ಕಪ್ಪಾದರೆ ಎಣ್ಣೆ ಬೇಕು. ಮರೆಯಾದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ಉಜ್ಜಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಅದಕ್ಕೆ ಈ ಕ್ರಮ ಹೊಂದುವುದಿಲ್ಲ.

ಮಾಡುವ ಕ್ರಮ

1. ಸೌಮ್ಯವಾದ ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಂದು ದಿನ ಒಣಗಿಸಿ. ದೀಪದ ಮಸಿ, ಹೊಗೆಯ ಜಿಡ್ಡು ಇದ್ದರೆ ಟರ್ಪೆಂಟೈನಿನಿಂದ ತೆಗೆಯಿರಿ.

2. ಒರಟಾದ ಕಡೆ ಮಾತ್ರ 220 ನಂಬರಿನ ಉಪ್ಪುಕಾಗದದಿಂದ ಮರದ ಎಳೆಯ ಉದ್ದಕ್ಕೆ ಉಜ್ಜಿ.

3. ಸಮಪ್ರಮಾಣದ ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚಿ. 15ರಿಂದ 20 ನಿಮಿಷಗಳ ನಂತರ ಮೇಲೆ ನಿಂತ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟರೆ ಅಂಟು ಕಟ್ಟುತ್ತದೆ.

4. ಕನಿಷ್ಠ 24 ಗಂಟೆ ಒಣಗಿದ ಮೇಲೆ ಬರಿಯ ಎಣ್ಣೆಯನ್ನು ಇನ್ನೊಮ್ಮೆ ಹಚ್ಚಿ, ಹಾಗೆಯೇ ಒರೆಸಿ.

5. ಪೂರ್ತಿ ಒಣಗಿದ ಮೇಲೆ ಜೇನುಮೇಣ ತಿಕ್ಕಬಹುದು. 50 ಗ್ರಾಂ ಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಒಲೆಯಿಂದ ದೂರ ತಂದ ನಂತರ 150 ಮಿ.ಲೀ. ಟರ್ಪೆಂಟೈನ್ ಬೆರೆಸಿ.

ಎಚ್ಚರಿಕೆ

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಶಾಖ ಹುಟ್ಟಿಸುತ್ತದೆ. ಮುದ್ದೆಯೊಳಗೆ ಶಾಖ ಹೊರಹೋಗದೆ, ಕಡ್ಡಿ ಗೀರದಿದ್ದರೂ ಬೆಂಕಿ ಹೊತ್ತಿಕೊಳ್ಳಬಹುದು. ಹುಲ್ಲಿನ ಬಣವೆ, ಕಬ್ಬಿನ ತರಗು, ಆಲೆಮನೆಗಳ ಬಳಿ ಇದು ಮನೆಮಠವನ್ನೇ ಸುಟ್ಟೀತು. ಬಟ್ಟೆಯನ್ನು ಕೂಡಲೇ ನೀರಿನಲ್ಲಿ ಮುಳುಗಿಸಿ, ಇಲ್ಲವೇ ಬಯಲಿನಲ್ಲಿ ಕಲ್ಲಿನ ಮೇಲೆ ಒಂದೇ ಪದರವಾಗಿ ಹರಡಿ ಒಣಗಿಸಿ.

ಈ ಎಣ್ಣೆಯಲ್ಲಿ ಬೇಗ ಒಣಗಿಸುವ ಲೋಹದ ಲವಣಗಳಿರುತ್ತವೆ. ಆದ್ದರಿಂದ ಈಳಿಗೆ ಮಣೆ, ಚಪಾತಿ ಮಣೆಗಳಿಗೆ ಹಚ್ಚಬಾರದು. ತೊಟ್ಟಿಲಿಗೆ ಹಚ್ಚಿದರೆ ಒಂದು ತಿಂಗಳು ಗಾಳಿಗೆ ಬಿಟ್ಟ ಮೇಲೆಯೇ ಮಗುವನ್ನು ಮಲಗಿಸಬೇಕು.

ನಂತರದ ರಕ್ಷಣೆ

ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರ ಕಟ್ಟಡ. ಅದರ ಮರಗೆಲಸ ಎತ್ತರದ ಜಗಲಿಯ ಮೇಲಿದೆ. ಸುತ್ತಲೂ ಬಿಸಿಲು ತಡೆಯುವ ತೆರೆಗಳಿವೆ. ನೆಲದ ತೇವ ಮತ್ತು ನೇರ ಬಿಸಿಲು ತಾಗದಂತೆ ನೋಡಿಕೊಳ್ಳುವ ಈ ನಿಯಮ ಮನೆಯ ಪೆಟ್ಟಿಗೆಗೂ ಸಲ್ಲುತ್ತದೆ. ಕಾಲುಗಳ ಕೆಳಗೆ ಚಪ್ಪಡಿ ಚೂರು ಇಡಿ. ಗೋಡೆಯಿಂದ ನಾಲ್ಕು ಬೆರಳು ದೂರವಿರಿಸಿ. ಗೆದ್ದಲಿನ ಮಣ್ಣಿನ ಜಾಡಿಗಾಗಿ ಆಗಾಗ್ಗೆ ನೋಡುತ್ತಿರಿ. ವರ್ಷಕ್ಕೊಮ್ಮೆ ನೀರಿನ ಹನಿಯ ಪರೀಕ್ಷೆ ಮಾಡಿ, ಅವಶ್ಯವಿದ್ದರೆ ಮಾತ್ರ ಒಂದು ತೆಳು ಲೇಪನ ಕೊಡಿ.