ರಾತ್ರಿ ತಾನಾಗಿ ಆನ್ ಆಗುವ ಕಂಪ್ಯೂಟರ್: ಫಾರ್ಮ್ಯಾಟ್ ಮಾಡಿಸುವ ಮುನ್ನ

ಕಳೆದ ಆಷಾಢದಲ್ಲಿ ಒಂದು ದಿನ ಬೆಳಕು ಹರಿಯುವ ಮೊದಲೇ ಶಿರಸಿ ಕಡೆಯಿಂದ ದೊಡ್ಡಮ್ಮನ ಫೋನ್ ಬಂತು. "ತಮಾ, ರಾತ್ರಿ ಕಂಪ್ಯೂಟರ್ ತನ್ನಷ್ಟಕ್ಕೇ ಶುರುವಾತು. ಆನು ಮುಟ್ಟಿದ್ದೇ ಇಲ್ಲೆ." ದನಿಯಲ್ಲಿ ಹೆದರಿಕೆ ಇತ್ತು. ಕತ್ತಲ ಜಗುಲಿಯಲ್ಲಿ ಫ್ಯಾನ್ ಗುಂಯ್‌ಗುಟ್ಟಿ, ಗೋಡೆಯ ಮೇಲೆಲ್ಲ ನೀಲಿ ಬೆಳಕು ಬಿದ್ದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ನನಗೆ ಬೇಸರವಾದದ್ದು ಅವರು ಆಮೇಲೆ ಹೇಳಿದ ಮಾತಿಗೆ. ಹೀಗಾಗಿದ್ದು ಅದೇ ಮೊದಲಲ್ಲ. ಹಿಂದಿನ ತಿಂಗಳು ರಿಪೇರಿಯವರೊಬ್ಬರು ವೈರಸ್ ಎಂದು ಹೇಳಿ ಇಡೀ ಡಿಸ್ಕ್ ಫಾರ್ಮ್ಯಾಟ್ ಮಾಡಿಕೊಟ್ಟಿದ್ದರು. ದೊಡ್ಡಪ್ಪನ ಷಷ್ಟ್ಯಬ್ದಿಯ ಫೋಟೊಗಳು ಹೋದವು. ಕಂಪ್ಯೂಟರ್ ಏಳುವುದು ಮಾತ್ರ ನಿಲ್ಲಲಿಲ್ಲ.

ನಿಲ್ಲುವಂತೆಯೂ ಇರಲಿಲ್ಲ, ಯಾಕೆಂದರೆ ತೊಂದರೆ ಇದ್ದದ್ದು ವಿಂಡೋಸ್‌ನಲ್ಲಿ ಅಲ್ಲ. ಈ ವಿಷಯದಲ್ಲಿ ನಾನು ನೋಡಿರುವ ತಪ್ಪು ಹತ್ತರಲ್ಲಿ ಒಂಬತ್ತು ಸಲ ಇದೇ, ಕಾರಣ ಹುಡುಕದೆ ಫಾರ್ಮ್ಯಾಟ್ ಮಾಡುವುದು. ಹಾಗಾಗಿ ಎಲ್ಲಿಂದ ಹುಡುಕುತ್ತ ಹೋಗಬೇಕು ಎಂದು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ತಿಳಿದಿರಲಿ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಪದ್ಧತಿಯ ನಂತರ ಕ್ಯಾಬಿನೆಟ್ಟಿನ ಮುಂದಿರುವ ಗುಂಡಿ ಕರೆಂಟನ್ನು ಕಡಿಯುವುದಿಲ್ಲ, ಮದರ್‌ಬೋರ್ಡಿಗೆ ಸೂಚನೆ ಕೊಡುತ್ತದೆ, ಅಷ್ಟೇ. ಗೋಡೆಯ ಸ್ವಿಚ್ ಹಾಕಿದ್ದಷ್ಟು ಹೊತ್ತೂ, ಕಂಪ್ಯೂಟರಿಗೆ ಕರೆಂಟು ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್‌ನ ನೇರಳೆ ತಂತಿಯಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ. ಮದರ್‌ಬೋರ್ಡ್ ಆ ಆಸರೆಯಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಗುಂಡಿ, ಕೀಬೋರ್ಡ್, ನೆಟ್‌ವರ್ಕ್ ವೈರು, ಒಳಗಿನ ಗಡಿಯಾರ, ಇವುಗಳಲ್ಲಿ ಯಾವುದು ಕರೆದರೂ ಏಳುತ್ತದೆ. ಯಾವುದು ಕರೆಯಿತು ಎಂದು ಪತ್ತೆ ಹಚ್ಚುವುದೇ ನಮ್ಮ ಕೆಲಸ.

ಮೊದಲು ಒಂದು ಚೀಟಿ

ಮೌಸ್ ಹಿಡಿಯುವ ಮೊದಲು ಪೆನ್ನು ಹಿಡಿಯಿರಿ. ಕಂಪ್ಯೂಟರ್ ಎದ್ದದ್ದು ಎಷ್ಟು ಹೊತ್ತಿಗೆ, ಪರದೆಯ ಮೇಲೆ ಏನಿತ್ತು, ಆ ಹೊತ್ತಿಗೆ ಕರೆಂಟು ಹೋಗಿ ಬಂದಿತ್ತೇ, ಈ ಮೂರನ್ನು ಒಂದು ವಾರ ಬರೆದಿಡಿ. ದಿನಾ ಒಂದೇ ಹೊತ್ತಿಗೆ ಏಳುತ್ತಿದ್ದರೆ ಗಡಿಯಾರದ ಕೆಲಸ. ಮಳೆ, ಗುಡುಗು ಇದ್ದ ರಾತ್ರಿ ಮಾತ್ರ ಏಳುತ್ತಿದ್ದರೆ ಕರೆಂಟಿನದು. ಹೊತ್ತುಗೊತ್ತಿಲ್ಲದೆ ಏಳುತ್ತಿದ್ದರೆ ಮೌಸ್, ನೆಟ್‌ವರ್ಕ್ ಅಥವಾ ಗುಂಡಿಯದು. ಅರ್ಧ ಉತ್ತರ ಚೀಟಿಯಲ್ಲೇ ಸಿಗುತ್ತದೆ. ದೊಡ್ಡಮ್ಮ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟದ್ದು ನಾಲ್ಕೇ ಸಾಲು. ನಾಲ್ಕರ ಮುಂದೂ "ಕರೆಂಟು ಇರ್ಲೆ" ಎಂದಿತ್ತು.

ಪರದೆಯ ಮೇಲೆ ಏನಿತ್ತು ಎಂಬುದೂ ಮುಖ್ಯ. ನಿನ್ನೆ ತೆರೆದಿಟ್ಟ ಕಡತ ಹಾಗೆಯೇ ಇದ್ದರೆ ಕಂಪ್ಯೂಟರ್ ಆಫ್ ಆಗಿರಲೇ ಇಲ್ಲ, ನಿದ್ರೆಯಲ್ಲಿತ್ತು. 'ಸ್ಲೀಪ್' ಒತ್ತಿ ಆಫ್ ಮಾಡಿದೆ ಎಂದುಕೊಳ್ಳುವವರು ಬಹಳ ಜನ. ಮನೆಯಲ್ಲಿ ಮಕ್ಕಳು ಗುಂಡಿ ಒತ್ತಿ ಎದ್ದು ಹೋಗುವ ಅಭ್ಯಾಸವಿದ್ದರೆ, ಆ ಗುಂಡಿಗೆ ಸ್ಲೀಪ್ ಕೆಲಸ ಕೊಟ್ಟಿದೆಯೇ ಎಂದು ಕಂಟ್ರೋಲ್ ಪ್ಯಾನೆಲ್‌ನ 'ಪವರ್ ಆಪ್ಷನ್ಸ್'ನಲ್ಲಿ ನೋಡಿ.

ಇನ್ನೊಂದು ಗೊಂದಲ 2012ರ ವಿಂಡೋಸ್ 8ರಿಂದ ಬಂದಿದೆ. 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದರೆ 'ಶಟ್ ಡೌನ್' ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಒಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಪರೀಕ್ಷೆಗೆ, ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ 'ಶಟ್ ಡೌನ್' ಕ್ಲಿಕ್ ಮಾಡಿ. ಆಗ ಪೂರ್ತಿ ಮುಚ್ಚುತ್ತದೆ. ನಾಲ್ಕು ರಾತ್ರಿ ಹೀಗೆ ಮಾಡಿದಾಗ ತೊಂದರೆ ಕಾಣಿಸದಿದ್ದರೆ ಫಾಸ್ಟ್ ಸ್ಟಾರ್ಟಪ್ ತೆಗೆದುಬಿಡಿ. ಪವರ್ ಆಪ್ಷನ್ಸ್‌ನಲ್ಲಿ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ' ಒಳಗೆ ಅದರ ಟಿಕ್ ಇದೆ. ಟಿಕ್ ಮಸುಕಾಗಿ ಕಂಡರೆ, ಮೇಲಿರುವ 'ಚೇಂಜ್ ಸೆಟಿಂಗ್ಸ್' ಎಂಬ ನೀಲಿ ಸಾಲು ಮೊದಲು ಒತ್ತಬೇಕು. ಎಸ್‌ಎಸ್‌ಡಿ ಇರುವ ಕಂಪ್ಯೂಟರಿನಲ್ಲಿ ಇದರಿಂದ ಆಗುವ ನಷ್ಟ ಕೆಲವು ಸೆಕೆಂಡ್ ಮಾತ್ರ. ನನ್ನ ಮನೆಯಲ್ಲಂತೂ ಅದನ್ನು ಇಟ್ಟುಕೊಂಡಿಲ್ಲ.

ಕರೆಂಟು ಬಂದೊಡನೆ ಎದ್ದರೆ

ಇದನ್ನು ಬಿಡಿಸಿ ಹೇಳಲೇಬೇಕು. ನಮ್ಮ ಊರುಗಳಲ್ಲಿ ಹೆಚ್ಚು ಮನೆಗಳನ್ನು ಕಾಡುವುದು ಇದು, ಫಾರ್ಮ್ಯಾಟ್‌ಗೆ ಹಣ ತೆತ್ತವರಲ್ಲಿ ಹೆಚ್ಚಿನವರ ತೊಂದರೆಯೂ ಇದೇ.

ಸಾಮಾನ್ಯವಾಗಿ ಮದರ್‌ಬೋರ್ಡಿನ ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ಓಡುವ ಅದರದೇ ಪ್ರೋಗ್ರಾಮಿನಲ್ಲಿ, ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟಿರುತ್ತದೆ: ಕರೆಂಟು ಹೋಗಿ ಮತ್ತೆ ಬಂದಾಗ ಏನು ಮಾಡಲಿ? ಉತ್ತರ ಮೂರು ಬಗೆ. ಆಫ್ ಆಗಿಯೇ ಇರು, ಆನ್ ಆಗು, ಅಥವಾ ಹೋಗುವ ಮೊದಲು ಹೇಗಿದ್ದೆಯೋ ಹಾಗಾಗು. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್‌ಗೆ, ಸಿಸಿಟಿವಿ ನೋಡುವ ಕಂಪ್ಯೂಟರ್‌ಗೆ 'ಆನ್ ಆಗು' ಎಂಬುದು ಬೇಕು. ಮನೆಗೆ ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಯಿಂದ ಆಫೀಸಿನ ಹಳೆಯ ಡೆಲ್, ಎಚ್‌ಪಿ, ಲೆನೊವೊ ತಂದವರು ಇದನ್ನು ಮೊದಲೇ ನೋಡಿಕೊಳ್ಳಿ. ಆಫೀಸಿನವರು ಇಟ್ಟ ಸೆಟಿಂಗ್ ಹಾಗೆಯೇ ಮನೆಗೆ ಬಂದಿರುತ್ತದೆ. ಸೋಮವಾರದಿಂದ ಶುಕ್ರವಾರ ಬೆಳಗ್ಗೆ ನಿಗದಿ ಹೊತ್ತಿಗೆ ಆನ್ ಆಗು ಎಂಬ 'ಆಟೊ ಆನ್' ಕೂಡ ಅಂಥದ್ದೇ.

ಪರೀಕ್ಷೆ ಸುಲಭ. ಶಿಫ್ಟ್ ಹಿಡಿದು ಶಟ್ ಡೌನ್ ಮಾಡಿ. ಫ್ಯಾನ್ ಪೂರ್ತಿ ನಿಲ್ಲಲಿ. ಗೋಡೆಯ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ. ಗುಂಡಿ ಮುಟ್ಟದೆಯೇ ಎದ್ದು ವಿಂಡೋಸ್‌ವರೆಗೆ ಹೋದರೆ ಕಾರಣ ಸಿಕ್ಕಿತು. ಫ್ಯಾನ್ ಒಂದೆರಡು ಸೆಕೆಂಡ್ ತಿರುಗಿ ನಿಂತುಬಿಟ್ಟರೆ ಹೆದರಬೇಡಿ, ಕೆಲವು ಬೋರ್ಡುಗಳ ಸ್ವಭಾವ ಅದು.

ಸರಿಪಡಿಸಲು ಬಯೋಸ್ ಒಳಗೆ ಹೋಗಬೇಕು. ಆನ್ ಮಾಡಿದ ಕೂಡಲೇ ಕೀ ಒಂದನ್ನು ತಟ್ಟುತ್ತಲೇ ಇರಬೇಕು. ಜೋಡಿಸಿದ ಕಂಪ್ಯೂಟರ್ ಆದರೆ ಸಾಮಾನ್ಯವಾಗಿ ಡಿಲೀಟ್, ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10, ಲೆನೊವೊ ಡೆಸ್ಕ್‌ಟಾಪ್ ಆದರೆ ಎಫ್1. ಒಳಗೆ ಹುಡುಕಬೇಕಾದ ಸಾಲಿಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ. ಏಸುಸ್‌ನಲ್ಲಿ 'ರಿಸ್ಟೋರ್ ಎಸಿ ಪವರ್ ಲಾಸ್', ಗಿಗಾಬೈಟ್‌ನಲ್ಲಿ 'ಎಸಿ ಬ್ಯಾಕ್', ಡೆಲ್‌ನಲ್ಲಿ 'ಎಸಿ ರಿಕವರಿ', ಎಚ್‌ಪಿ ಮತ್ತು ಲೆನೊವೊದಲ್ಲಿ 'ಆಫ್ಟರ್ ಪವರ್ ಲಾಸ್'. ಅದನ್ನು 'ಪವರ್ ಆಫ್' ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ. ಅಲ್ಲಿರುವ ಬೇರೆ ಸಾಲುಗಳನ್ನು ಕುತೂಹಲಕ್ಕೂ ಬದಲಿಸಬೇಡಿ. ಮುಟ್ಟುವ ಮೊದಲು ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದಿಡಿ.

'ಮೊದಲು ಇದ್ದ ಹಾಗೆ' ಎಂಬ ಆಯ್ಕೆ ಒಳ್ಳೆಯದು ಎಂದು ಹಲವರು ಅದನ್ನು ಹಾಕುತ್ತಾರೆ. ಅಲ್ಲೊಂದು ಹೊಂಡ ಇದೆ, ಬೀಳಬೇಡಿ. ಸ್ಲೀಪ್‌ನಲ್ಲಿ ಮಲಗಿಸಿದ ಕಂಪ್ಯೂಟರನ್ನು ಹಲವು ಬೋರ್ಡುಗಳು 'ಆನ್ ಇತ್ತು' ಎಂದೇ ಲೆಕ್ಕ ಹಿಡಿಯುತ್ತವೆ. ರಾತ್ರಿ ಕರೆಂಟು ಹೋಗಿ ಬಂದರೆ ಎದ್ದು ಕೂರುತ್ತದೆ.

"ನಮ್ಮಲ್ಲಿ ಯುಪಿಎಸ್ ಇದೆ, ಹೀಗಾಗಲು ಸಾಧ್ಯವೇ ಇಲ್ಲ" ಎನ್ನುವವರಿಗೂ ಒಂದು ಮಾತು. ಕಂಪ್ಯೂಟರ್ ಆರಿಸಿ ಯುಪಿಎಸ್ ಹಾಗೆಯೇ ಬಿಟ್ಟಿದ್ದೀರಿ. ಬ್ಯಾಟರಿ ಹಳತಾಗಿದೆ. ಕರೆಂಟು ಎರಡು ತಾಸು ಬರಲಿಲ್ಲ, ಯುಪಿಎಸ್ ಕೈಚೆಲ್ಲಿತು. ಕರೆಂಟು ಬಂದಾಗ ಅದು ತಾನಾಗಿ ಶುರುವಾಗುವ ಬಗೆಯದಾದರೆ ಕಂಪ್ಯೂಟರಿನ ಪಾಲಿಗೆ ಕರೆಂಟು ಹೋಗಿ ಬಂದ ಹಾಗೆಯೇ. ದೊಡ್ಡಮ್ಮನ ಮನೆಯಲ್ಲಿ ಆದದ್ದು ಕೂಡ ಹೀಗೆ. ಬಯೋಸ್‌ನಲ್ಲಿ ಒಂದು ಸಾಲು ಬದಲಿಸಿದೆ, ಐದು ನಿಮಿಷದ ಕೆಲಸ. ಹೋದ ಫೋಟೊಗಳು ಮಾತ್ರ ಬರಲಿಲ್ಲ.

ಸೆಟಿಂಗ್ ಬದಲಿಸಿದ ಮೇಲೂ ಮತ್ತೆ ಹಳೆಯದಕ್ಕೇ ಹೋಗುತ್ತಿದ್ದರೆ, ಕಂಪ್ಯೂಟರಿನ ಗಡಿಯಾರವೂ ತಪ್ಪು ತೋರಿಸುತ್ತಿದ್ದರೆ, ಮದರ್‌ಬೋರ್ಡಿನ ನಾಣ್ಯದಾಕಾರದ ಸೆಲ್ ಮುಗಿದಿದೆ. ಸಿಆರ್2032 ಎಂದು ಕೇಳಿ, 3 ವೋಲ್ಟಿನದು, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ವೈರು ಕಿತ್ತಿಟ್ಟು, ಬರಹ ಇರುವ ಮುಖ ಮೇಲೆ ಬರುವಂತೆ ಕೂರಿಸಿ. ಹೊಸ ಸೆಲ್ ಹಾಕಿದ ಮೇಲೆ ಬಯೋಸ್ ಸೆಟಿಂಗ್ ಮತ್ತೊಮ್ಮೆ ಮಾಡಬೇಕು. ಇದನ್ನು ಮರೆತು "ಸೆಲ್ ಹಾಕಿದರೂ ಸರಿಹೋಗಲಿಲ್ಲ" ಎಂದು ಬರುವವರು ತುಂಬ ಜನ.

ಗೋಡೆಯ ಸ್ವಿಚ್ ದಿನಾ ಆರಿಸಿದರೆ ಸಾಲದೇ ಎಂದು ಕೇಳಬಹುದು. ಆರಿಸಿ, ಒಳ್ಳೆಯದೇ. ಸಿಡಿಲಿನ ಕಾಲದಲ್ಲಂತೂ ಪ್ಲಗ್ ಕಿತ್ತೇ ಮಲಗಿ. ಆದರೆ ಫ್ಯಾನ್ ನಿಲ್ಲುವ ಮೊದಲು ಆರಿಸಿದರೆ ವಿಂಡೋಸ್ ಕೆಡಬಹುದು. ಮೇಲಿನ ಸೆಟಿಂಗ್ ಸರಿ ಇಲ್ಲದಿದ್ದರೆ ಬೆಳಗ್ಗೆ ಸ್ವಿಚ್ ಹಾಕಿದ ಕೂಡಲೇ ಕಂಪ್ಯೂಟರ್ ಎದ್ದೇ ಏಳುತ್ತದೆ.

ನಿದ್ರೆಯಿಂದ ಏಳುತ್ತಿದ್ದರೆ

ಸ್ಲೀಪ್‌ನಿಂದ ಎದ್ದಿದ್ದರೆ ವಿಂಡೋಸನ್ನೇ ಕೇಳಬಹುದು. ರೀಸ್ಟಾರ್ಟ್ ಮಾಡಬೇಡಿ, ಮಾಡಿದರೆ ಅದಕ್ಕೆ ನೆನಪಿರುವುದಿಲ್ಲ. ಸ್ಟಾರ್ಟ್‌ನಲ್ಲಿ 'ಕಮಾಂಡ್ ಪ್ರಾಂಪ್ಟ್' ಹುಡುಕಿ, ಬಲಗಡೆ ಕ್ಲಿಕ್ ಮಾಡಿ, 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಡಿ. ಕಪ್ಪು ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಪವರ್' ಪದ, ಅದಕ್ಕೆ ಅಂಟಿಕೊಂಡೇ ಸಿ, ಎಫ್, ಜಿ, ಆಮೇಲೆ ಒಂದು ಸ್ಪೇಸ್, ಒಂದು ಹೈಫನ್, ಹೈಫನ್‌ಗೆ ಅಂಟಿ 'ಲಾಸ್ಟ್‌ವೇಕ್' ಒಂದೇ ಪದವಾಗಿ ಟೈಪ್ ಮಾಡಿ ಎಂಟರ್ ಒತ್ತಿ. ಕಡೆಯ ಸಲ ಎಬ್ಬಿಸಿದ್ದು ಮೌಸೋ, ನೆಟ್‌ವರ್ಕ್ ಕಾರ್ಡೋ, ಪವರ್ ಬಟನ್ನೋ ಎಂದು ಅನೇಕ ಸಲ ಹೆಸರು ಸಮೇತ ಬರುತ್ತದೆ. 'ಲಾಸ್ಟ್‌ವೇಕ್' ಬದಲು 'ವೇಕ್‌ಟೈಮರ್ಸ್' ಎಂದು ಕೊಟ್ಟರೆ ಮುಂದೆ ಎಬ್ಬಿಸಲು ಅಲಾರಾಂ ಇಟ್ಟುಕೊಂಡಿರುವ ಪ್ರೋಗ್ರಾಮ್ ಯಾವುದು ಎಂದು ತಿಳಿಯುತ್ತದೆ.

ಮೌಸ್ ಆದರೆ 'ಡಿವೈಸ್ ಮ್ಯಾನೇಜರ್' ತೆರೆದು, ಮೌಸಿನ 'ಪ್ರಾಪರ್ಟೀಸ್'ನಲ್ಲಿ 'ಪವರ್ ಮ್ಯಾನೇಜ್‌ಮೆಂಟ್' ಪುಟದ 'ಅಲೌ ದಿಸ್ ಡಿವೈಸ್ ಟು ವೇಕ್ ದ ಕಂಪ್ಯೂಟರ್' ಟಿಕ್ ತೆಗೆಯಿರಿ. ಆಪ್ಟಿಕಲ್ ಮೌಸನ್ನು ಗಾಜಿನ ಮೇಜಿನ ಮೇಲೋ ಅಲುಗಾಡುವ ಮೇಜಿನ ಮೇಲೋ ಇಟ್ಟರೆ ಯಾರೂ ಮುಟ್ಟದೆಯೂ ಅದು ಕದಲಿದೆ ಎಂದುಕೊಳ್ಳುತ್ತದೆ. ಕೀಬೋರ್ಡಿನ ಟಿಕ್ ಇರಲಿ, ಎಬ್ಬಿಸಲು ಒಂದಾದರೂ ಬೇಕಲ್ಲ.

ನೆಟ್‌ವರ್ಕ್ ಕಾರ್ಡ್ ಆದರೆ ಅದೇ ಪುಟದಲ್ಲಿ ಅದೇ ಟಿಕ್ ತೆಗೆದರಾಯಿತು. ದೂರದಿಂದ ಕಂಪ್ಯೂಟರ್ ಎಬ್ಬಿಸುವ 'ವೇಕ್ ಆನ್ ಲ್ಯಾನ್' ನಿಮಗೆ ನಿಜಕ್ಕೂ ಬೇಕಿದ್ದರೆ ಆ ಟಿಕ್ ತೆಗೆಯದೆ 'ಓನ್ಲಿ ಅಲೌ ಎ ಮ್ಯಾಜಿಕ್ ಪ್ಯಾಕೆಟ್' ಎಂಬುದಕ್ಕೆ ಟಿಕ್ ಹಾಕಿ. ಆಗ ರೂಟರಿನ ದಾರಿಹೋಕ ಸಂದೇಶಗಳಿಗೆಲ್ಲ ಏಳುವುದಿಲ್ಲ. ಪೂರ್ತಿ ಆಫ್ ಆಗಿದ್ದಾಗಲೂ ನೆಟ್‌ವರ್ಕಿನಿಂದ ಏಳುತ್ತಿದ್ದರೆ ಬಯೋಸ್‌ನಲ್ಲೂ ವೇಕ್ ಆನ್ ಲ್ಯಾನ್ ಆರಿಸಬೇಕು.

ಅಲಾರಾಂ ಆದರೆ ಪವರ್ ಆಪ್ಷನ್ಸ್‌ನ 'ಅಡ್ವಾನ್ಸ್ಡ್' ಪಟ್ಟಿಯಲ್ಲಿ 'ಸ್ಲೀಪ್' ಬಿಡಿಸಿ, 'ಅಲೌ ವೇಕ್ ಟೈಮರ್ಸ್' ಅನ್ನು 'ಡಿಸೇಬಲ್' ಮಾಡಿ. ವಿಂಡೋಸ್ 10ರಲ್ಲಿ ತಾನೇ ಮಾಡಿಕೊಳ್ಳುವ ನಿರ್ವಹಣೆ ಕೆಲಸಕ್ಕೆ ಸಾಮಾನ್ಯವಾಗಿ ರಾತ್ರಿ 2 ಗಂಟೆ ನಿಗದಿಯಾಗಿರುತ್ತದೆ. ಚೀಟಿಯಲ್ಲಿ ದಿನಾ ಎರಡು ಗಂಟೆ ಎಂದೇ ಇದ್ದರೆ ಅದನ್ನು ಮೊದಲು ನೋಡಿ. ಅಪ್‌ಡೇಟ್‌ಗಳನ್ನೇ ನಿಲ್ಲಿಸಿಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರಿಂದ ಬರುವ ಅಪಾಯ ನಿದ್ದೆಗೆಟ್ಟದ್ದಕ್ಕಿಂತ ದೊಡ್ಡದು.

ಯಾವುದಕ್ಕೂ ಬಗ್ಗದಿದ್ದರೆ

ಉಳಿಯುವುದು ಮುಂದಿನ ಗುಂಡಿ. ಕರಾವಳಿ, ಮಲೆನಾಡಿನ ತೇವಕ್ಕೆ ಅದರ ಒಳಗೆ ತುಕ್ಕು ಹಿಡಿದು, ಅಥವಾ ದೂಳು ಕೂತು, ತಾನಾಗಿ ತಗುಲಿಕೊಳ್ಳುತ್ತದೆ. ವೈರು ಕಿತ್ತು, ಕ್ಯಾಬಿನೆಟ್ ತೆರೆದು, ಗುಂಡಿಯಿಂದ ಬೋರ್ಡಿಗೆ ಬಂದಿರುವ ಎರಡೆಳೆಯ ಪುಟ್ಟ ಕನೆಕ್ಟರ್ ತೆಗೆದಿಡಿ. ಎಲ್ಲಿತ್ತು ಎಂದು ಫೋಟೊ ಇರಲಿ. ಮತ್ತೆ ಮುಚ್ಚಿ ವೈರು ಹಾಕಿ ಒಂದೆರಡು ರಾತ್ರಿ ಬಿಡಿ. ಏಳದಿದ್ದರೆ ಗುಂಡಿ ಬದಲಿಸಿ. ಹೊಸ ಕ್ಯಾಬಿನೆಟ್ ಬೇಕಿಲ್ಲ, ರೀಸೆಟ್ ಗುಂಡಿಯ ಕನೆಕ್ಟರನ್ನೇ ಅಲ್ಲಿ ಹಾಕಿಕೊಂಡರೂ ಕೆಲಸ ನಡೆಯುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆಯೇ? ಅರ್ಥಿಂಗ್ ಇಲ್ಲ, ಎಲೆಕ್ಟ್ರಿಷಿಯನ್‌ನ ಕರೆಸಿ. ಎಸ್‌ಎಂಪಿಎಸ್ ಅನ್ನು ಮಾತ್ರ ಮನೆಯಲ್ಲಿ ಎಂದೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ.

ಲ್ಯಾಪ್‌ಟಾಪಿಗೂ ಮೇಲಿನ ಕಮಾಂಡ್‌ಗಳೇ. ಬ್ಯಾಗಿಗೆ ಹಾಕುವ ಮುಂಚೆ ಸ್ಲೀಪ್ ಬೇಡ, ಶಟ್ ಡೌನ್ ಮಾಡಿ. ಸ್ಲೀಪ್‌ನಲ್ಲಿದ್ದರೆ ಬ್ಯಾಗಿನೊಳಗೇ ಎದ್ದು ಬಿಸಿಯಾಗಬಹುದು.

ಅಂಗಡಿಗೆ ಒಯ್ಯಲೇಬೇಕಾದರೆ ಫೋಟೊ, ಕಡತಗಳನ್ನು ಮೊದಲು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಸಮಯ ಬರೆದ ಚೀಟಿ ಜೊತೆಗೆ ಕೊಡಿ. ಕೇಳದೆ ಫಾರ್ಮ್ಯಾಟ್ ಮಾಡಬೇಡಿ ಎಂದು ಅದರ ಮೇಲೇ ಬರೆಯಿರಿ.