ವಿಂಡೋಸ್ ಸುಮ್ಮನಿದ್ದರೂ ನೀನು ಎಚ್ಚರವಾಗಿರು

ಚಾಮರಾಜಪೇಟೆ, ಬೆಂಗಳೂರು

ಚಿ. ಪುಟ್ಟಿಗೆ,

ಗಾಂಧಿ ಬಜಾರಿನಲ್ಲಿ ನೀನು ಡಿ.ಟಿ.ಪಿ. ಅಂಗಡಿ ತೆರೆದದ್ದು ನನಗೆ ತಂದ ಹಿಗ್ಗು ಅಷ್ಟಿಷ್ಟಲ್ಲ. ಅಚ್ಚಿನ ಮೊಳೆ ಜೋಡಿಸಿ ಬದುಕಿದ ಮನೆ ನಮ್ಮದು. ಅಕ್ಷರದ ಕೆಲಸ ನಿನ್ನ ಕೈಗೂ ಬಂತು. ಆದರೆ ಮೊನ್ನೆ ಫೋನಿನಲ್ಲಿ, "ಅಪಾಯ ಇದ್ದರೆ ವಿಂಡೋಸೇ ಹೇಳುತ್ತಲ್ಲ ತಾತ" ಅಂದೆಯಲ್ಲ, ಆ ಮಾತು ಮನಸ್ಸನ್ನು ಕೊರೆಯುತ್ತಿದೆ.

ಯಾವಾಗಲೂ ಹೇಳುವುದಿಲ್ಲ ಪುಟ್ಟೀ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಕಡತದ ಮೇಲೆ ಬ್ರೌಸರ್ ಅಂಚೆ ಮುದ್ರೆಯ ಹಾಗೆ ಒಂದು ಗುರುತು ಒತ್ತುತ್ತದೆ. ‘ಮಾರ್ಕ್ ಆಫ್ ದಿ ವೆಬ್’ ಅಂತ ಅದರ ಹೆಸರು. ಕಣ್ಣಿಗೆ ಕಾಣದ ಆ ಟಿಪ್ಪಣಿಯಲ್ಲಿ ವಲಯ 3 ಅಂತಿದ್ದರೆ ಕಡತ ಹೊರಗಿನಿಂದ ಬಂದದ್ದು. ವಿಂಡೋಸಿನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಸುವುದೂ ವರ್ಡ್ ಕಡತದ ಮ್ಯಾಕ್ರೋ ತಡೆಯುವುದೂ ಇದನ್ನು ನೋಡಿಯೇ. ಗುರುತು ಹೋಯಿತೋ, ಯಂತ್ರ ಬಾಯಿ ಬಿಡುವುದಿಲ್ಲ.

ಕಳ್ಳರು ಹಿಡಿದದ್ದು ಇದೇ ಸಂದನ್ನು. ಡಿಸ್ಕಿನ ಪಡಿಯಚ್ಚಾದ ಐಎಸ್‌ಒ ಕಡತದೊಳಗೆ ಕೇಡಿನ ಪ್ರೋಗ್ರಾಂ ಇಟ್ಟು ಕಳಿಸಿದರೆ ಹೊರಗಿನದರ ಗುರುತು ಒಳಗಿನದಕ್ಕೆ ದಾಟುತ್ತಿರಲಿಲ್ಲ. ಮೈಕ್ರೋಸಾಫ್ಟ್ ಅದನ್ನು ಮುಚ್ಚಿದ್ದು 2022ರ ನವೆಂಬರಿನಲ್ಲಿ. ಸ್ಮಾರ್ಟ್‌ಸ್ಕ್ರೀನನ್ನೇ ತಪ್ಪಿಸುವ ಮತ್ತೊಂದು ದೋಷಕ್ಕೆ 2024ರ ಫೆಬ್ರುವರಿಯಲ್ಲಿ ತೇಪೆ ಬಂತು. ಅಷ್ಟು ಹೊತ್ತಿಗೆ ಹಣಕಾಸು ಮಾರುಕಟ್ಟೆಯ ವಹಿವಾಟುದಾರರ ಮೇಲೆ ದಾಳಿ ನಡೆದೇಹೋಗಿತ್ತು. ನೀನು ದಿನವೂ ಬಳಸುವ 7-ಜಿಪ್‌ನಲ್ಲೂ, ಗಂಟಿನೊಳಗೆ ಗಂಟಾಗಿ ಬಂದ ಕಡತ ಬಿಚ್ಚುವಾಗ ಗುರುತು ಕಳೆದುಹೋಗುತ್ತಿತ್ತು. 24.09ನೇ ಆವೃತ್ತಿಯಲ್ಲಿ ಸರಿಪಡಿಸಿದ್ದಾರೆ. ಆದರೆ ಅದು ತಾನಾಗಿ ಅಪ್‌ಡೇಟ್ ಆಗುವ ತಂತ್ರಾಂಶವಲ್ಲ, ನೀನೇ ಹಾಕಬೇಕು. ಮ್ಯಾಕ್ ಇದ್ದವರೂ ಬೀಗಬೇಕಾಗಿಲ್ಲ. 2021ರಲ್ಲಿ ಅಲ್ಲಿಯ ಕಾವಲು ವ್ಯವಸ್ಥೆ ಗೇಟ್‌ಕೀಪರನ್ನೂ ಕಳ್ಳರು ದಾಟಿದ್ದರು.

ನಿನ್ನ ಅಂಗಡಿಯ ಮಟ್ಟಿಗೆ ನನಗೆ ಹೆಚ್ಚು ದಿಗಿಲು ಪೆನ್‌ಡ್ರೈವ್‌ನದು. ಲಗ್ನಪತ್ರಿಕೆ, ಕರಪತ್ರ ಎಲ್ಲ ಅದರಲ್ಲೇ ಬರುತ್ತವೆ. ಈ ಗುರುತು ನಿಲ್ಲುವುದು ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕಿನಲ್ಲಿ. ಮಾಮೂಲಿ ಪೆನ್‌ಡ್ರೈವ್‌ನ ಫ್ಯಾಟ್32 ಮಾದರಿಯಲ್ಲಿ ಉಳಿಯುವುದಿಲ್ಲ. ಗಿರಾಕಿ ಎಲ್ಲಿಂದಲೋ ಇಳಿಸಿಕೊಂಡದ್ದು ನಿನ್ನ ಯಂತ್ರಕ್ಕೆ ಮನೆಯದೇ ಕಡತದಂತೆ ಕಾಣುತ್ತದೆ. ಇದು ದೋಷವಲ್ಲ, ಆ ಡಿಸ್ಕಿನ ಸ್ವಭಾವ. ಹಾಗಾಗಿ ಯಾವ ಅಪ್‌ಡೇಟೂ ಇದನ್ನು ಮುಚ್ಚದು. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಸ್ಕ್ಯಾನ್ ಮಾಡು. ಪಿಡಿಎಫ್ ಇರಬೇಕಾದ ಕಡೆ ಇಎಕ್ಸ್‌ಇ ಎಂಬ ಪ್ರೋಗ್ರಾಂ ಕಡತ ಕಂಡರೆ, ಗಿರಾಕಿ ಎಷ್ಟೇ ಅವಸರ ಮಾಡಲಿ, ತೆರೆಯಬೇಡ.

ಫಾಂಟಿನ ಆಸೆಗೆ ಸಿಕ್ಕ ಸಿಕ್ಕ ತಾಣಕ್ಕೆ ಹೋಗಬೇಡ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಆಗಲಿ, ‘ಬರಹ’ ಆಗಲಿ, ಅವರವರ ತಾಣದಿಂದಲೇ ಇಳಿಸಿಕೋ. ನಿನ್ನ ಹಳೆಯ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 10 ಇದೆಯಲ್ಲ, ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅದನ್ನು ಬದಲಿಸಲು ಹಣ ಬೇಕಿದ್ದರೆ ಸಂಕೋಚ ಬಿಟ್ಟು ಕೇಳು, ಕೊಡುತ್ತೇನೆ.

ಬ್ಯಾಂಕಿನ ಹಣಕ್ಕೇ ಕೈ ಬಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಈ ಭಾನುವಾರ ಅಂಗಡಿ ಮುಚ್ಚಿದ ಮೇಲೆ ಎಲ್ಲ ಯಂತ್ರಗಳಿಗೂ ಅಪ್‌ಡೇಟ್ ಹಾಕಿ ನನಗೊಂದು ಮಾತು ತಿಳಿಸು.

ಇಂತಿ,
ನಿನ್ನ ತಾತ